ಕಿಟಕಿಯಲ್ಲಿ ಕೂತು ‘ಕೋಟಾ’ ಅನ್ನಬೇಡಿ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. “ಬಾಯಾರ, ಇಷ್ಟ ವರ್ಷ ಆ ಕಿಟಕ್ಯಾಗ ನೀವು ಹೆಂಗ ಕುಂತ್ರಿ? ಮಂದಿ ಬೈಗಳ ಕೇಳಿ ಕೇಳಿ ನನಗ ಸಾಕಾಗಿ ಹೋಗೇತಿ” ಅಂದಳು. ದಿನಾ ಬೈಯುತ್ತಾರಾ ಎಂದು ಕೇಳಿದೆ. ದಿನಾ ಬೈಯುತ್ತಾರೆ, ಔಷಧಿ ಇಲ್ಲ ಅಂದರೆ ಕಿಟಕಿ ಬಡಿಯುತ್ತಾರೆ, ನಿನ್ನೆ ಒಬ್ಬಳು ಮುದುಕಿ ನನ್ನ ಏಳು ತಲೆಮಾರನ್ನು ಬೈಗಳಕ್ಕೆ ಎಳೆದು ತಂದಳು ಎಂದಳು. ನನಗೆ ಖುಷಿಯಾಯಿತು. ಅಳುತ್ತಿರುವ ಹುಡುಗಿಗೆ ಫೋನಿನಲ್ಲಿ ಹಾಗೆ ಹೇಳುವುದು ಸರಿ ಕಾಣಲಿಲ್ಲ. ಯಾಕೆ ಖುಷಿಯಾಯಿತು ಎನ್ನುವುದನ್ನು ಅವಳಿಗೂ ಅವಳಂಥವರಿಗೂ ಇಲ್ಲಿ ಬರೆದು ಹೇಳುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವವಳಾಗಿದ್ದೆ. ಕಾಗದದ ಮೇಲೆ ಫಾರ್ಮಸಿಸ್ಟ್. ಜನರ ಬಾಯಲ್ಲಿ ‘ಗುಳಿಗಿ ಬಾಯಾರು’. ಹುಕ್ಕೇರಿ ತಾಲೂಕಿನಲ್ಲಿ ಶುರುಮಾಡಿ, ಗೋಕಾಕದಲ್ಲಿ ಮಧ್ಯಪ್ರಾಯ ಕಳೆದು, ಮೂಡಲಗಿ ಇನ್ನೂ ಗೋಕಾಕ ತಾಲೂಕಿನ ಹೊಟ್ಟೆಯಲ್ಲಿದ್ದಾಗಲೂ ತಾಲೂಕಾದ ಮೇಲೂ ಅತ್ತ ಕಡೆ ತಿರುಗಾಡಿ ನಿವೃತ್ತಳಾದೆ. ಯಾವ ಊರಿನ ಆಸ್ಪತ್ರೆಯಲ್ಲಿ ಏನು ನಡೆಯಿತೆಂದು ಹೆಸರು ಹಿಡಿದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನನ್ನ ಮೇಲೆ ಬರುತ್ತಾರೆ, ಉಳಿದ ಊರಿನವರು ನಮ್ಮಲ್ಲಿ ಹಾಗಿಲ್ಲ ಎಂದು ಕಾಲು ಚಾಚಿ ಮಲಗುತ್ತಾರೆ. ಎಲ್ಲ ಕಡೆಯೂ ಹಾಗೇ ಇತ್ತು.

ಕೆಲಸ ಎಂಥದು ಎಂದರೆ, ಎದುರಿಗೆ ಒಂದು ಕಿಟಕಿ, ಅದರ ಬುಡದಲ್ಲಿ ಕೈ ಹಿಡಿಸುವಷ್ಟು ಕಿಂಡಿ. ಮುಂಜಾನೆಯಿಂದ ಆ ಕಿಂಡಿಯಲ್ಲಿ ಕೈಗಳು ಬರುತ್ತವೆ. ಮುಖ ಕಾಣುವುದು ಕಡಿಮೆ. ಕಬ್ಬಿನ ರವುದಿಯ ಒಣಗರಿ ಕೊಯ್ದ ಕೈ, ಬಳೆ ತುಂಬಿದ ಬಾಣಂತಿಯ ಕೈ, ನಡುಗುವ ಕೈ. ಚೀಟಿ ಇಸಿದುಕೊಳ್ಳಬೇಕು, ಗುಳಿಗೆ ಕೊಡಬೇಕು, ಎಷ್ಟು ಹೊತ್ತಿಗೆ ನುಂಗಬೇಕೆಂದು ಹೇಳಬೇಕು. ಹೇಳಿದ್ದು ಅರ್ಥವಾಯಿತೋ ಇಲ್ಲವೋ ನೋಡುವಷ್ಟರಲ್ಲಿ ಮುಂದಿನ ಕೈ ಬಂದಿರುತ್ತದೆ.

ನನಗೆ ಕೆಲಸ ಕಲಿಸಿದವರು ಗುರುಪಾದ ಕಾಕಾ ಎಂಬ ಹಿರಿಯ ಕಂಪೌಂಡರು. ಆಗ ಕೆಮ್ಮಿನ ಔಷಧಿಯನ್ನು ದೊಡ್ಡ ಭರಣಿಯಿಂದ ಅಳೆದು ರೋಗಿಗಳು ತಂದ ಸೀಸೆಗೆ ಸುರಿಯುತ್ತಿದ್ದೆವು; ಎಣ್ಣೆ ಸೀಸೆ ತಂದವನಿಗೆ ಕಾಕಾ ತಾವೇ ತೊಳೆದು ಕೊಡುತ್ತಿದ್ದರು. ಬಿಡಿ ಗುಳಿಗೆಗಳನ್ನು ಹಳೆ ಪತ್ರಿಕೆಯ ಪೊಟ್ಟಣ ಕಟ್ಟಿ ಕೊಡುವುದು. ಓದಲು ಬಾರದವರಿಗಾಗಿ ಪೊಟ್ಟಣದ ಮೇಲೆ ಚಿತ್ರ ಬರೆಯಬೇಕು: ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ. ಯಮಕನಮರಡಿ ಕಡೆಯ ಒಬ್ಬ ಕುರಿಗಾಹಿ ಅಜ್ಜನಿಗೆ ಹೀಗೆ ಚಂದ್ರ ಬರೆದು ಕೊಟ್ಟೆ. ಅಜ್ಜ ತಿರುಗಿ ಬಂದಾಗ ಪೊಟ್ಟಣದಲ್ಲಿ ಗುಳಿಗೆ ಉಳಿದಿದ್ದವು. ಯಾಕಜ್ಜಾ, ನುಂಗಲಿಲ್ಲವೇನು ಎಂದು ಗದರಿದೆ. ಅಮಾವಾಸ್ಯೆಯ ಆಜುಬಾಜು ಚಂದ್ರ ಮೂಡಲಿಲ್ಲ, ಅದಕ್ಕೆ ನುಂಗಲಿಲ್ಲ ಎಂದ. ನಾನು ನಕ್ಕೆ. ಕಾಕಾ ನಗಲಿಲ್ಲ. “ನಗಬ್ಯಾಡವಾ. ನಾವು ಏನ್ ಬರದು ಕೊಟ್ವಿ, ಅಂವಾ ಅದನ್ನ ಮಾಡ್ಯಾನ. ನಮ್ಮ ಮಾತು ಇವರಿಗೆ ಶಾಸನ ಇದ್ದಂಗ” ಎಂದರು. ಮರುದಿನದಿಂದ ಚಂದ್ರನ ಬದಲು ಕಂದೀಲು ಬರೆಯತೊಡಗಿದೆ. ಕಾಕಾ ಹೇಳಿದ ಮಾತಿನ ಪೂರ್ತಿ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಆಮೇಲೆ ಪೊಟ್ಟಣ ಹೋಗಿ ಪಟ್ಟಿ ಪಟ್ಟಿ ಗುಳಿಗೆ ಬಂದವು, ಕಂಪ್ಯೂಟರ್ ಬಂತು. ಯಾವ ಔಷಧಿ ಎಷ್ಟು ಬೇಕೆಂದು ಅದರಲ್ಲೇ ತುಂಬಿ ಕಳಿಸಬೇಕು. ತುಂಬಿ ಕಳಿಸುತ್ತಿದ್ದೆವು. ಬೇಡಿದ್ದರಲ್ಲಿ ಅರ್ಧ ಬರುತ್ತಿತ್ತು, ಬೇಡದ್ದು ರಾಶಿ ಬರುತ್ತಿತ್ತು. ರಕ್ತದೊತ್ತಡದ ಗುಳಿಗೆ ಕೇಳಿದರೆ ಓಆರ್‌ಎಸ್ ಪುಡಿಯ ಡಬ್ಬಗಳು ಬಂದು ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಪುಡಿ ಒಳ್ಳೆಯ ಔಷಧಿ, ವಾಂತಿ ಭೇದಿಯಲ್ಲಿ ಜೀವ ಉಳಿಸುತ್ತದೆ. ಆದರೆ ಎಷ್ಟು ಬೇಕಾದರೂ ಒಯ್ಯಿರಿ ಅಂದರೆ ಜನ ಮುಟ್ಟುತ್ತಿರಲಿಲ್ಲ. ಬೇಕಾದಷ್ಟು ಕೊಡುತ್ತಾರೆ ಎಂದರೆ ಅದರಲ್ಲಿ ಏನೋ ಐಬು ಇದೆ ಎಂದು ಅವರ ಲೆಕ್ಕ. ಯಾವುದನ್ನು ನಾವು ಎಣಿಸಿ ಎಣಿಸಿ ಕೊಡುತ್ತಿದ್ದೆವೋ ಅದೇ ಖರೆ ಔಷಧಿ. ಕೌಜಲಗಿಯ ಹೆಣ್ಣುಮಗಳೊಬ್ಬಳು ಭೇದಿಯಾಗಿ ಹೊಟ್ಟೆ ನಡೆಯುತ್ತಿದ್ದ ಕೂಸಿಗೆ ಪುಡಿ ಒಲ್ಲೆ ಎಂದು ನನ್ನ ಕೂಡ ವಾದಕ್ಕೆ ನಿಂತಳು. ಅವತ್ತು ಆ ಡಬ್ಬವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಯಾರಿಗೂ ಕೊಡುವುದಿಲ್ಲ ಎಂಬಂತೆ ಹಿಂದೆ ಮುಂದೆ ನೋಡಿ, ಒಂದೇ ಒಂದು ಪಾಕೀಟು ತೆಗೆದು ಕೊಟ್ಟೆ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋದಳು. ಅದು ನಗೆಯ ಮಾತಾಯಿತು. ಆದರೆ ಔಷಧಿ ಎಷ್ಟಿದೆ, ಯಾರಿಗಿದೆ ಎಂದು ಜನ ತಮ್ಮ ತಲೆಯಲ್ಲೇ ಒಂದು ಲೆಕ್ಕ ಇಟ್ಟಿರುತ್ತಾರೆ. ಆ ಲೆಕ್ಕದ ಮೇಲೆ ಆಸ್ಪತ್ರೆಗೆ ಬರುವುದೋ ಬಿಡುವುದೋ ನಿರ್ಧಾರ ಆಗುತ್ತದೆ. ಇದನ್ನು ನಮ್ಮ ಯಾವ ತರಬೇತಿಯಲ್ಲೂ ಕಲಿಸಲಿಲ್ಲ.

ಔಷಧಿ ಇಲ್ಲದಿದ್ದಾಗ ನಾವು “ಇಲ್ಲ” ಎನ್ನುತ್ತಿದ್ದೆವು. ಜನ ಜಗಳಕ್ಕೆ ಬರುತ್ತಿದ್ದರು. ಯಾಕಿಲ್ಲ, ಯಾರು ತಿಂದರು, ಮೇಲಿನವರಿಗೆ ಹೇಳತೇವಿ ಎನ್ನುತ್ತಿದ್ದರು. ಕೆಲವರು ಖರೇನೇ ಹೇಳುತ್ತಿದ್ದರು. ಮೇಲಿನಿಂದ ಫೋನ್ ಬರುತ್ತಿತ್ತು, ಎಲ್ಲಿಂದಲೋ ಒಂದೆರಡು ಡಬ್ಬ ಗುಳಿಗೆ ಬರುತ್ತಿದ್ದವು. ಚೆಂದದ ವ್ಯವಸ್ಥೆ ಅಲ್ಲ, ಆದರೆ ಏನೋ ನಡೆಯುತ್ತಿತ್ತು.

ಆಮೇಲೆ ಒಬ್ಬ ಸಾಹೇಬರು ಬಂದರು. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು. ಕೆಟ್ಟವರಲ್ಲ, ಲಂಚ ಮುಟ್ಟಿದವರಲ್ಲ, ದನಿ ಎತ್ತಿದವರಲ್ಲ. ಮುದುಕಿಯರನ್ನು ‘ಯವ್ವಾ’, ಹೆಣ್ಣುಮಕ್ಕಳನ್ನು ‘ತಂಗಿ’ ಎಂದೇ ಮಾತಾಡಿಸುವವರು. ಅವರಿಗೆ ಎರಡು ವಿಷಯ ಆಗಿಬರುತ್ತಿರಲಿಲ್ಲ: ಗದ್ದಲ ಮತ್ತು ಮೇಲಿನಿಂದ ಬರುವ ಫೋನ್. ಬಂದ ಕೆಲವೇ ದಿನಗಳಲ್ಲಿ ನಮ್ಮನ್ನೆಲ್ಲ ಕೂರಿಸಿ ಒಂದು ಪಾಠ ಹೇಳಿದರು. “ಸ್ಟಾಕ್ ಇಲ್ಲ ಅನ್ನಬ್ಯಾಡ್ರಿ. ಸ್ಟಾಕ್ ಇಲ್ಲ ಅಂದ್ರ ತಪ್ಪು ನಮ್ಮದಾಗ್ತೈತಿ, ಅರ್ಜಿ ಬರೀತಾರ. ಕೋಟಾ ಮುಗದೈತಿ ಅನ್ರಿ. ಸುಮ್ಮನ ಮನಿಗಿ ಹೋಗ್ತಾರ.”

ಖರೆ ಹೇಳುತ್ತೇನೆ, ಮಂತ್ರ ಹಾಕಿದ ಹಾಗೆ ಆಯಿತು. ಜಗಳ ನಿಂತುಹೋಯಿತು. ಕೋಟಾ ಅಂದರೆ ಜನರಿಗೆ ಗೊತ್ತು. ರೇಷನ್ ಅಂಗಡಿಯಲ್ಲಿ ಗೊತ್ತು, ಗೊಬ್ಬರದ ಅಂಗಡಿಯಲ್ಲಿ ಗೊತ್ತು. ಕೋಟಾ ಅಂದರೆ ಎಲ್ಲೋ ಯಾರೋ ತಲೆಗೆ ಇಷ್ಟು ಎಂದು ಹಂಚಿ ಇಟ್ಟಿದ್ದಾರೆ, ನಮ್ಮ ಪಾಲು ನಮಗೆ ಮುಟ್ಟಿದೆ, ಇನ್ನು ಕೇಳುವುದು ಮಂದಿಯ ಪಾಲಿಗೆ ಕೈ ಹಾಕಿದಂತೆ. ‘ಇಲ್ಲ’ ಅಂದಾಗ ಸರ್ಕಾರ ತಪ್ಪಿತಸ್ಥ. ‘ಕೋಟಾ’ ಅಂದ ಕೂಡಲೇ ಕೇಳಲು ಬಂದವನೇ ತಪ್ಪಿತಸ್ಥ. ನಾನು ಆ ಮಾತು ಒಪ್ಪಲಿಲ್ಲ, ಸಭೆಯಲ್ಲೇ ಹೇಳಿದೆ. ಹೆಣ್ಣುಮಕ್ಕಳಿಗೆ ಸಿಟ್ಟು ಒಳ್ಳೆಯದಲ್ಲ ಎಂದು ಸಾಹೇಬರು ನಕ್ಕು ಚಹಾ ತರಿಸಿದರು. ನನ್ನ ಕಿಟಕಿಯಲ್ಲಿ ನಾನು ‘ಇಲ್ಲ’ ಅನ್ನುತ್ತಿದ್ದೆ. ಆದರೆ ಚೀಟಿ ಬರೆಯುವ ಕ್ಲಾರ್ಕನಿಂದ ಹಿಡಿದು ಕಸ ಹೊಡೆಯುವವನವರೆಗೆ ಉಳಿದ ಎಲ್ಲರ ಬಾಯಲ್ಲೂ ಕೋಟಾ ಕೂತುಬಿಟ್ಟಿತು.

ಆಮೇಲೆ ಶುರುವಾಯಿತು ನೋಡಿ. ಒಬ್ಬಳು ಅಜ್ಜಿ ಚೀಟಿಯ ಜೊತೆ ರೇಷನ್ ಕಾರ್ಡನ್ನೂ ಕಿಂಡಿಯಲ್ಲಿ ತೂರಿಸಿದಳು. ಇನ್ನೊಬ್ಬ ಅಜ್ಜ ಹೆಬ್ಬೆಟ್ಟು ಮುಂದೆ ಮಾಡಿ, ಎಲ್ಲಿ ಒತ್ತಲಿ ಎಂದು ಕೇಳಿದ. ಜ್ವರದಿಂದ ಸುಡುತ್ತಿದ್ದ ಸೊಸೆಯೊಬ್ಬಳನ್ನು ಯಾಕೆ ಇಷ್ಟು ದಿನ ಬಿಟ್ಟೆ ಎಂದು ಕೇಳಿದರೆ, ಈ ತಿಂಗಳು ನಮ್ಮ ಮನೆಯಲ್ಲಿ ಅತ್ತೆಯ ಪಾಳಿ ಎಂದಳು. ಅತ್ತೆ ಮೊಣಕಾಲಿನ ಗುಳಿಗೆ ಒಯ್ದಿದ್ದಳಂತೆ. ಮನೆಯ ಪಾಲು ಮುಗಿಯಿತೆಂದು ಈಕೆ ಮುಂದಿನ ತಿಂಗಳಿಗೆ ಕಾಯುತ್ತಿದ್ದಳು. ರಕ್ತದೊತ್ತಡದ ಗುಳಿಗೆಯನ್ನು ಗಂಡ ಹೆಂಡತಿ ಮುರಿದು ಅರ್ಧ ಅರ್ಧ ನುಂಗುತ್ತಿದ್ದ ಮನೆಗಳು ಎಷ್ಟೋ. ಯಾರೂ ನಮಗೆ ಸುಳ್ಳು ಹೇಳಲಿಲ್ಲ, ಯಾರೂ ಆಸೆಬುರುಕರಾಗಿರಲಿಲ್ಲ. ನಮ್ಮ ಮಾತು ನಂಬಿದರು, ಅಷ್ಟೇ.

ಯಾರಿಗೆ ಕೋಟಾ ಇರಲಿಲ್ಲ ಎಂಬುದನ್ನೂ ಹೇಳಬೇಕು. ಊರಿನ ದೊಡ್ಡವರ ಮನೆಯ ಆಳು ಮೋಟರ್ ಸೈಕಲ್ಲಿನ ಮೇಲೆ ಬರುತ್ತಿದ್ದ, ಇಳಿಯುತ್ತಲೂ ಇರಲಿಲ್ಲ. ಸಾಹೇಬರಿಗೆ ಫೋನ್ ಆಗಿರುತ್ತಿತ್ತು. ಬಿ12 ಇಂಜೆಕ್ಷನ್ನು, ಮುಲಾಮು, ಟಾನಿಕ್ಕು, ಒಳ್ಳೆಯದೆಲ್ಲ ಚೀಲದಲ್ಲಿ ತುಂಬಿ ಕೊಡಬೇಕು. ಅವರ ಮನೆಯ ನಾಯಿ ಒಮ್ಮೆ ಆಳುಮಗನಿಗೆ ಪರಚಿತು. ಕಡಿದದ್ದೂ ಅಲ್ಲ, ಪರಚಿದ್ದು. ಇಡೀ ಮನೆಗೆ ಮುಂಜಾಗ್ರತೆ ಎಂದು ನಾಯಿಕಡಿತದ ಇಂಜೆಕ್ಷನ್ ಒಯ್ದರು. ನಾನು ಕೊಡುವುದಿಲ್ಲ ಎಂದು ಕೂತೆ. ಸಾಹೇಬರು ತಾವೇ ಬಂದು ಫ್ರಿಜ್ ತೆಗೆದು ಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಲಕ್ಕವ್ವ ಬಂದದ್ದು ಅದಾದ ಕೆಲವು ದಿನಕ್ಕೆ. ಮಮದಾಪುರದ ಕಡೆಯ ಕುರುಬರ ಮನೆಯವಳು. ಗಂಡ ಬೀರಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಬೇಸಗೆಯಲ್ಲಿ ಗೊಬ್ಬರಕ್ಕಾಗಿ ಹೊಲದವರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ನಮ್ಮ ಆಸ್ಪತ್ರೆಯ ಹತ್ತಿರದ ಹೊಲಗಳಲ್ಲಿ ಆ ವರ್ಷ ಅವರ ಕುರಿ ಇದ್ದವು. ಲಕ್ಕವ್ವನೂ ಶಾಲೆಗೆ ಹಚ್ಚುವ ವಯಸ್ಸಿನ ಮಗಳು ರೇಣುಕಾಳೂ ಗುಡಿಸಲು ಹಾಕಿಕೊಂಡು ಜೊತೆಗಿದ್ದರು. ಎಲ್ಲಿಂದಲೋ ಬಂದ ಹುಚ್ಚುನಾಯಿ ರೇಣುಕಾಳ ಕಾಲಿಗೆ ಬಾಯಿ ಹಾಕಿತು. ಬೀರಪ್ಪ ಕುರಿಯ ಹಿಂದೆ ದೂರ ಹೋಗಿದ್ದ. ಲಕ್ಕವ್ವ ಓಡಿ ಬಂದವಳೇ ನಾಯಿಯ ಬಾಯಿಗೆ ಕೈ ಹಾಕಿ ಮಗಳನ್ನು ಬಿಡಿಸಿದಳು. ಆಕೆಯ ಬಲಗೈಗೆ ಹಲ್ಲು ನಾಟಿದವು.

ಇಬ್ಬರೂ ಆಸ್ಪತ್ರೆಗೆ ಬಂದಾಗ ನಾನು ಇರಲಿಲ್ಲ; ಅವತ್ತಿನದೆಲ್ಲ ನನಗೆ ಆಮೇಲೆ ತಿಳಿದದ್ದು. ಫ್ರಿಜ್ಜಿನಲ್ಲಿ ಒಬ್ಬರಿಗೆ ಆಗುವಷ್ಟೇ ಮದ್ದು ಉಳಿದಿತ್ತು, ಉಳಿದದ್ದು ಎಲ್ಲಿ ಹೋಯಿತೆಂದು ಮೇಲೆ ಹೇಳಿದ್ದೇನೆ. ಅದನ್ನು ತರಲಿಕ್ಕೇ ನಾನು ಐಸ್ ಡಬ್ಬ ಹಿಡಿದುಕೊಂಡು ಔಷಧಿ ಗೋದಾಮಿಗೆ ಹೋಗಿದ್ದೆ. ಇದ್ದ ಮದ್ದನ್ನು ಹುಡುಗಿಗೆ ಹಾಕಿದರು. ತಾಯಿಯ ಕೈಯನ್ನು ಸಾಹೇಬರು ನೋಡಿದರು. ಆಕೆಯ ಹೆಸರಿಗೆ ಒಂದು ಚೀಟಿ ಕೂಡ ಬರೆಯಲಿಲ್ಲ. ಅದೇ ಮೆತ್ತನೆಯ ದನಿಯಲ್ಲಿ, “ತಂಗಿ, ಇವತ್ತಿಗಿ ನಿಮ್ಮ ಕೋಟಾ ಮುಗೀತು. ಮಗಳಿಗೆ ಹಾಕಿಸೀಯಲ್ಲ. ನೀ ನಾಳೆ ಬಾ” ಎಂದರು. ಕೈಗೆ ಅರಿವೆ ಸುತ್ತಿಕೊಂಡು ಆಕೆ ಹೋದಳು.

ನಾನು ಡಬ್ಬ ತುಂಬಿಕೊಂಡು ಸಂಜೆಗೇ ಬಂದೆ. ಫ್ರಿಜ್ ತುಂಬಿತು. ಮರುದಿನ ಲಕ್ಕವ್ವ ಬರಲಿಲ್ಲ. ಆಕೆ ಬರಬೇಕಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಲಿಲ್ಲ.

ಆ ಇಂಜೆಕ್ಷನ್ ಬಿಟ್ಟು ಬಿಟ್ಟು ಕೆಲವು ಸಲ ಹಾಕಬೇಕು. ಎರಡನೆಯದಕ್ಕೆ ಲಕ್ಕವ್ವ ಮಗಳನ್ನು ಕರೆದುಕೊಂಡು ತಪ್ಪದೆ ಬಂದಳು. ನಾನು ಆಕೆಯನ್ನು ನೋಡಿದ್ದು ಅವತ್ತೇ ಮೊದಲು. ಮಗಳ ಚೀಟಿಯನ್ನು ಎಡಗೈಯಲ್ಲಿ ಹಿಡಿದು ಚಾಚಿದಳು. ನಮ್ಮ ಕಡೆ ಎಡಗೈಯಲ್ಲಿ ಕೊಡುವುದು ಇಸಿದುಕೊಳ್ಳುವುದು ಮರ್ಯಾದೆ ಅಲ್ಲ, ಕೂಸುಗಳಿಗೂ ಕಲಿಸಿರುತ್ತೇವೆ. ಆಚೆ ಕೂತ ಕ್ಲಾರ್ಕ ರೇಗಿದ, ಬಲಗೈ ಇಲ್ಲವೇನು ನಿನಗೆ ಎಂದು. ಆಕೆ ತಲೆ ತಗ್ಗಿಸಿದಳು. ಬಲಗೈ ಸೆರಗಿನೊಳಗೇ ಇತ್ತು. ಎಡಚಿ ಇದ್ದಾಳು ಎಂದುಕೊಂಡು ನಾನು ಮದ್ದು ತೆಗೆದು ಸಿಸ್ಟರ್ ಕಡೆ ಕಳಿಸಿದೆ. ರೇಣುಕಾ ಅತ್ತಳು. ಲಕ್ಕವ್ವ ಎಡಗೈಯಿಂದಲೇ ಆಕೆಯ ಕಣ್ಣು ಒರೆಸಿದಳು.

ಮೂರನೆಯದಕ್ಕೂ ಹೇಳಿದ ದಿನವೇ ಬಂದಳು. ಅದೇ ಎಡಗೈ. ಇನ್ನೆಷ್ಟು ಉಳಿದಾವ್ರಿ ಬಾಯಾರ ಎಂದು ಕೇಳಿದಳು. ಕಡೆಯದೊಂದು ಉಳಿದಿದೆ, ಮೂರು ವಾರ ಬಿಟ್ಟು ಎಂದೆ. ಅದು ಈಕೆಯ ಹೆಸರಿಗೆ ಇದೆಯಲ್ಲ, ಬ್ಯಾರೆಯವರಿಗೆ ಹೋಗುವುದಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಮಗಳ ಮೇಲೆ ಎಷ್ಟು ಕಾಳಜಿ ಈಕೆಗೆ ಎಂದುಕೊಂಡೆ. ಫ್ರಿಜ್ ನನ್ನ ಬೆನ್ನ ಹಿಂದೆ ಗುರ್ ಅನ್ನುತ್ತಿತ್ತು. ಆಕೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಕಡೆಯ ಇಂಜೆಕ್ಷನ್ನಿನ ದಿನ ಬರಲಿಲ್ಲ. ಕುರಿ ಮುಂದೆ ಹೊಡೆದುಕೊಂಡು ಹೋಗಿದ್ದಾರೆ, ಇನ್ನು ಇವರನ್ನು ಎಲ್ಲಿ ಹುಡುಕುವುದು ಎಂದು ನನಗೆ ಚಡಪಡಿಕೆ. ಕೆಲವು ದಿನ ತಡವಾಗಿ ಒಬ್ಬ ಗಂಡಸು ರೇಣುಕಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಚೀಟಿ ಬಲಗೈಯಲ್ಲಿತ್ತು. ಇಂಥದಕ್ಕೆ ತಡ ಮಾಡಬಾರದು ಎಂದು ನಾನು ಬೈಯಲು ಶುರುಮಾಡಿದೆ.

“ತಡಾ ಆತ್ರಿ ಬಾಯಾರ. ಮನ್ಯಾಗ ಸಾವ ಆಗಿತ್ರಿ” ಅಂದ. ಯಾರು ಎಂದು ಕೇಳಿದೆ. “ಈಕಿ ಅವ್ವ ಹೋದ್ಳ್ರಿ. ನೀರು ನೋಡಿದ್ರ ಅಂಜಾಕ ಹತ್ತಿದ್ಳ್ರಿ.”

ನೀರಿಗೆ ಅಂಜುವುದು ಅಂದರೇನೆಂದು ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಹುಚ್ಚುನಾಯಿ ರೋಗ ಶುರುವಾದ ಮೇಲೆ ಭೂಮಿಯ ಮೇಲಿನ ಯಾವ ಡಾಕ್ಟರೂ ಉಳಿಸಲಾರ. ಶುರುವಾಗುವ ಮೊದಲು ಉಳಿಸಲು ಮದ್ದು ಒಂದೇ, ಅದು ನನ್ನ ಫ್ರಿಜ್ಜಿನಲ್ಲಿತ್ತು. ಕೋಣೆಯ ಬಾಗಿಲು ತೆಗೆದು ಹೊರಗೆ ಬಂದೆ. ಆಕೆಗೂ ಕಡಿದಿತ್ತೇನು ಎಂದು ಕೇಳಿದೆ. ಬೀರಪ್ಪ ಎಲ್ಲ ಹೇಳಿದ. ಕುರಿ ಬಿಟ್ಟು ಅವನು ಗುಡಿಸಲಿಗೆ ಬಂದಾಗ, ನನಗೂ ಹಾಕಿದ್ದಾರೆ ಎಂದೇ ಅವನಿಗೆ ಹೇಳಿದ್ದಳಂತೆ. ಬಾಯಿ ಒಣಗಿ ಗಂಟಲು ಹಿಡಿದ ಮೇಲೆ ಬೆಳಗಾವಿಗೆ ಒಯ್ಯುವ ದಾರಿಯಲ್ಲಿ ಖರೆ ಹೇಳಿದಳು. ಕೋಟಾ ಮನೆಗೆ ಒಂದೇ ಅಂತ ಆಕೆ ತಿಳಿದಿದ್ದಳು. ಪರವೂರಿನವರು ನಾವು, ನಮಗೆ ಕೊಟ್ಟದ್ದೇ ಹೆಚ್ಚು. ಮರುದಿನ ಬಂದು ತನ್ನದನ್ನೂ ಕೇಳಿದರೆ ಹುಡುಗಿಯ ಮುಂದಿನ ಇಂಜೆಕ್ಷನ್ನಿನಲ್ಲಿ ಮುರಿದುಕೊಳ್ಳುತ್ತಾರೆ ಎಂದು ಅಂಜಿದ್ದಳು. ಅದಕ್ಕೇ ಯಾರೂ ಗಾಯ ನೋಡಿ ಕೇಳಬಾರದೆಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಎಡಗೈ ಚಾಚುತ್ತಿದ್ದಳು.

ಇಷ್ಟು ಹೇಳಿ ಬೀರಪ್ಪ ಮಗಳನ್ನು ಕೆಳಗಿಳಿಸಿದ. ಆಮೇಲೆ ಬಹಳ ಸಂಕೋಚದಿಂದ, “ಒಂದ ಮಾತ ಕೇಳ್ತೇನ್ರಿ ಬಾಯಾರ. ಆಕಿ ಪಾಲಿಂದು ಯಾರಿಗರ ಮುಟ್ಟಿತೇನ್ರಿ?” ಅಂದ.

ಹೌದು ಅನ್ನಬಹುದಿತ್ತು. ಯಾವುದೋ ಕೂಸಿಗೆ ಮುಟ್ಟಿತು ಎಂದಿದ್ದರೆ ಅಷ್ಟಾದರೂ ಸಮಾಧಾನ ಕಟ್ಟಿಕೊಂಡು ಹೋಗುತ್ತಿದ್ದ. ಅವನಿಗೆ ಬೇಕಾದದ್ದೂ ಅದೇ ಉತ್ತರ. ಆದರೆ ಆ ಮನುಷ್ಯನ ಹೆಂಡತಿಯನ್ನು ಒಂದು ಸುಳ್ಳು ಹೇಳಿ ಕೊಂದಿದ್ದೇವೆ, ಅವನಿಗೆ ಇನ್ನೊಂದು ಸುಳ್ಳು ಕೊಟ್ಟು ಕಳಿಸುವುದೇ? ಅವನನ್ನು ಒಳಗೆ ಕರೆದು ಫ್ರಿಜ್ಜಿನ ಬಾಗಿಲು ತೆಗೆದೆ. ಸೀಸೆಗಳು ಸಾಲಾಗಿ ನಿಂತಿದ್ದವು. “ಕೋಟಾ ಅನ್ನೂದು ಇಲ್ಲಪಾ. ಒಬ್ಬರಿಗೆ ಕೊಟ್ರ ಇನ್ನೊಬ್ಬರದರಾಗ ಯಾರೂ ಮುರಕೊಳ್ಳುದಿಲ್ಲ. ಆಕಿ ಕೈ ತೋರಿಸಿದ್ರ ನಿಂತ ಕಾಲಮ್ಯಾಲ ಹಾಕ್ತಿದ್ವಿ” ಎಂದೆ.

ಅವನು ಸೀಸೆಗಳನ್ನು ನೋಡಿದ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ನನ್ನ ಕಡೆ ತಿರುಗಿ, “ಹಂಗಾದ್ರ ಯಾಕ ಅಂದ್ರಿ?” ಎಂದು ಕೇಳಿದ.

ಸಿಟ್ಟಿನಿಂದ ಕೇಳಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದ. ನಾನು ಅವನ ರಟ್ಟೆ ಹಿಡಿದು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ. ಒಳಗೆ ರೋಗಿಗಳಿದ್ದರು, ಇರಲಿ ಎಂದು ಎಲ್ಲರ ಎದುರೇ ನಡೆದದ್ದನ್ನು ಹೇಳಿದೆ. ಸಾಹೇಬರು, ನಾಳೆ ಬಾ ಎಂದು ಸ್ಪಷ್ಟವಾಗಿ ಹೇಳಿದ್ದೆ, ಆಕೆ ಬರಲಿಲ್ಲ, ನಾನೇನು ಮಾಡಲಿ, ಓದು ಬರಹ ಇಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದರು. ಬೀರಪ್ಪ ನಿಂತಲ್ಲೇ ಅದೇ ಮಾತು ಕೇಳಿದ. ನಾಳೆ ಬಾ ಅಂದದ್ದು ಸರಿ ಸಾಹೇಬರ, ಕೋಟಾ ಅಂತ ಯಾಕ ಅಂದ್ರಿ? ಸಾಹೇಬರು ಮೇಜಿನ ಮೇಲಿನ ಫೋನ್ ತೆಗೆದುಕೊಂಡು ಯಾರಿಗೋ ಹಚ್ಚಿದರು. ಆ ಕಡೆ ಯಾರೂ ಎತ್ತಲಿಲ್ಲ. ಎತ್ತದ ಫೋನನ್ನು ಕಿವಿಗೆ ಹಿಡಿದೇ ಕೂತರು. ಸಿಸ್ಟರ್ ರೇಣುಕಾಳಿಗೆ ಕಡೆಯ ಇಂಜೆಕ್ಷನ್ ಹಾಕಿ ತಂದರು. ಬೀರಪ್ಪ ಮಗಳನ್ನು ಹೆಗಲಿಗೆ ಏರಿಸಿಕೊಂಡು ಹೋದ.

ಮೇಲಿನಿಂದ ಕೇಳಿದಾಗ ನಮ್ಮ ಆಸ್ಪತ್ರೆಯಿಂದ ಉತ್ತರ ಹೋಯಿತು: ರೋಗಿಯ ನಿರ್ಲಕ್ಷ್ಯ. ಎರಡೇ ಶಬ್ದ. ಮಗಳನ್ನು ಒಂದು ದಿನವೂ ತಪ್ಪಿಸದೆ ಕರೆತಂದವಳು ನಿರ್ಲಕ್ಷ್ಯದವಳಂತೆ. ನಾಯಿಯ ಬಾಯಿಗೆ ಕೈ ಹಾಕಿದವಳು ನಿರ್ಲಕ್ಷ್ಯದವಳಂತೆ. ಜನ ತಡವಾಗಿ ಬರುತ್ತಾರೆ, ಅರಿವಿಲ್ಲ, ಮೂಢರು ಎಂದು ಭಾಷಣ ಹೊಡೆಯುವವರನ್ನು ಸಭೆಗಳಲ್ಲಿ ಎಷ್ಟೋ ಕೇಳಿದ್ದೇನೆ. ಅವರನ್ನು ತಡ ಮಾಡಿಸಿದ ಮಾತು ಯಾರದು ಎಂದು ಒಬ್ಬನೂ ಕೇಳಿದ್ದನ್ನು ನೋಡಲಿಲ್ಲ. ಸಾಹೇಬರು ಮಾಲೆ ಶಾಲು ಹಾಕಿಸಿಕೊಂಡು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರ ಮೃದು ಸ್ವಭಾವವನ್ನು ಎಲ್ಲರೂ ಹೊಗಳಿದರಂತೆ. ನಾನು ಹೋಗಿರಲಿಲ್ಲ.

ಬೀರಪ್ಪ ಬಂದು ಹೋದ ಮರುದಿನ ಗೋಡೆಗೆ ಒಂದು ಕರಿಹಲಗೆ ಹಾಕಿಸಿದೆ. ಯಾವ ಔಷಧಿ ಇಲ್ಲವೋ ಅದರ ಹೆಸರು, ಮುಂದೆ ‘ಇಲ್ಲ’, ಕೆಳಗೆ ‘ಸರ್ಕಾರದಿಂದ ಬಂದಿಲ್ಲ, ಕೇಳಿರಿ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಓದಲು ಬಾರದವರಿಗೆ ಬಾಯಲ್ಲಿ ಹೇಳಿದೆ. ನಾಯಿಕಡಿತದವರು ಬಂದರೆ ಮನೆಯಲ್ಲಿ ಇನ್ನು ಯಾರಿಗೆ ಕಡಿದಿದೆ, ಪರಚಿದೆ, ನೆಕ್ಕಿದೆ ಎಂದು ಕೇಳದೆ ಬಿಡಲಿಲ್ಲ. ಗದ್ದಲ ತಿರುಗಿ ಶುರುವಾಯಿತು. ಅರ್ಜಿಗಳು ಹೋದವು. ನನಗೆ ವರ್ಗವೂ ಆಯಿತು. ಹೋದಲ್ಲೆಲ್ಲ ಮೊದಲು ಹಲಗೆ ಹಾಕಿಸಿದೆ. ನನ್ನ ಕೊನೆಯ ವರ್ಷಗಳಲ್ಲಿ ಜನ ನನ್ನನ್ನು ಬೈದಷ್ಟು ಯಾರನ್ನೂ ಬೈದಿರಲಿಕ್ಕಿಲ್ಲ. ಒಬ್ಬಳು ಕಿಟಕಿಯ ಗಾಜೇ ಒಡೆದಳು. ಸಕ್ಕರೆ ಕಾಯಿಲೆಯ ಗುಳಿಗೆಗಾಗಿ ಬಂದವಳು, ಮಾರನೆಯ ವಾರ ಗುಳಿಗೆ ಬಂದಾಗ ಅವಳಿಗೇ ಮೊದಲು ಕೊಟ್ಟೆ.

ಅದಕ್ಕೇ ತಂಗಿ, ನಿನಗೆ ಬೈಯುತ್ತಾರೆ ಅಂದಾಗ ಖುಷಿಯಾಯಿತು. ಬೈಯುವವರಿಗೆ ತಮಗೆ ಬರಬೇಕಾದದ್ದು ಬಂದಿಲ್ಲ ಎಂಬುದು ಗೊತ್ತಿರುತ್ತದೆ. ಅವರು ನಾಳೆಯೂ ಬರುತ್ತಾರೆ, ನಾಡಿದ್ದೂ ಬರುತ್ತಾರೆ, ಬದುಕುತ್ತಾರೆ. ಬೈಸಿಕೊಂಡು ಮನೆಗೆ ಹೋಗಿ ಉಣ್ಣಬಹುದು, ನಾನು ಉಂಡಿದ್ದೇನೆ. ಬೀರಪ್ಪ ಕೇಳಿದ ದಿನ ಮಾತ್ರ ಉಣ್ಣಲಿಲ್ಲ. ಬೈಯುವವರ ಬಗ್ಗೆ ಚಿಂತೆ ಬಿಡು. ಯಾರಾದರೂ ಬೈಯದೆ, ಕೇಳದೆ, ತಲೆ ತಗ್ಗಿಸಿ ಕಿಂಡಿಯಲ್ಲಿ ಎಡಗೈ ಚಾಚಿದರೆ, ಎಷ್ಟೇ ಉದ್ದದ ಪಾಳಿ ಇರಲಿ, ಎದ್ದು ಹೊರಗೆ ಬಾ. ಬಲಗೈ ತೋರಿಸವ್ವಾ ಎಂದು ಕೇಳು.